ಹೊಳೆಯಾಚೆಯ ಬೆಂಕಿ

ಹೊಳೆಗೆ ಎರಡು ದಡ. ಇದು ಎಲ್ಲರಿಗೂ ಗೊತ್ತು.

ಗಾಳಿಗೂ ಎರಡು ದಡ. ಇದು ಆಚೆ ದಡದವರಿಗೆ ಮಾತ್ರ ಗೊತ್ತು.

ಈಚೆ ದಡದಲ್ಲಿ ಒಂದು ಆಶ್ರಮವಿತ್ತು. ಅದರ ಗೋಡೆಗೆ ಗೋಡೆ ತಾಗಿಸಿಕೊಂಡು ಮೇಲ್ಕೇರಿ. ಅಲ್ಲಿ ಉಳ್ಳವರ ಮನೆಗಳು, ಉದ್ದುದ್ದ ಜಗಲಿಗಳು. ಆಚೆ ದಡದಲ್ಲಿ ಒಂದು ಹಟ್ಟಿ. ಹೊಳೆಯಂಚಿನ ಜೊಂಡು ಕೊಯ್ದು ಚಾಪೆ ಹೆಣೆದು ಬದುಕುವ ಜನ. ನಡುವೆ ಹೊಳೆ. ದಾಟಬೇಕೆಂದರೆ ಹರಿಗೋಲು.

ಆಶ್ರಮದಲ್ಲಿ ಅಕ್ಷರ ಕಲಿಸುತ್ತಿದ್ದರು. ಬೇರು ನಾರಿನ ವೈದ್ಯ ಕಲಿಸುತ್ತಿದ್ದರು. ಅಲ್ಲಿ ಕಲಿತವರು ಯಾವ ಮನೆಗೆ ಹೋದರೂ ಕೂರುವುದಕ್ಕೆ ಮಣೆ ಹಾಕುತ್ತಿದ್ದರು. ಕಲಿಯದವರು ಅಂಗಳದಲ್ಲಿ ನಿಂತೇ ಮಾತಾಡಬೇಕು.

ಒಂದು ಮಣೆಯ ಎತ್ತರ ಎಷ್ಟಿದ್ದೀತು? ನಾಲ್ಕು ಬೆರಳು. ಆ ನಾಲ್ಕು ಬೆರಳು ಹತ್ತುವುದರಲ್ಲಿ ಹಟ್ಟಿಯ ತಲೆಮಾರುಗಳೇ ಸವೆದುಹೋಗಿದ್ದವು.

ಆಶ್ರಮಕ್ಕೆ ಸೇರಲು ಒಂದು ಕಟ್ಟಳೆ ಇತ್ತು. ಆಷಾಢದ ಹುಣ್ಣಿಮೆ, ಗುರುವಿನ ದಿನ. ಕಲಿಯಬೇಕು ಅನ್ನುವವರು ಅವತ್ತು ತಮ್ಮ ಮನೆಯ ಒಲೆಯಿಂದ ಹಣತೆ ಹೊತ್ತಿಸಿಕೊಂಡು ಬರಬೇಕು. ಸಂಜೆ ಆ ಕುಡಿಯನ್ನು ಆಶ್ರಮದ ಒಲೆಗೆ ಸೇರಿಸಬೇಕು. ಹಣತೆಗೆ ಮುಚ್ಚಳ ಕೂಡದು. ಸೆರಗು ಹೊದಿಸಕೂಡದು. ಉರಿಯುವ ದೀಪ ತಂದರೆ ಮನಸ್ಸು ನಿಂತಿದೆ ಎಂದು ಲೆಕ್ಕ. ಆರಿದ ದೀಪ ತಂದರೆ ಮುಂದಿನ ವರ್ಷ ಬರಬೇಕು. ಮೂರು ಸಲ ಆರಿದರೆ ಮತ್ತೆ ಆ ಕಡೆ ತಲೆ ಹಾಕುವ ಹಾಗಿಲ್ಲ.

ಎಲ್ಲರಿಗೂ ಒಂದೇ ಕಟ್ಟಳೆ. ಅದನ್ನು ಮಾಡಿದ ಹಿರಿಯರತ್ತ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ.

ಇನ್ನು ಆಷಾಢದ ಗಾಳಿ ನಿಮಗೆ ಗೊತ್ತೇ ಇದೆ. ಬೀಸುವ ಕಲ್ಲೊಂದು ಬಿಟ್ಟು ಅಂಗಳದಲ್ಲಿರುವುದನ್ನೆಲ್ಲ ಎತ್ತಿಕೊಂಡು ಹೋಗುವ ಗಾಳಿ ಅದು.

ಬಾಗಿಲಲ್ಲಿ ನಿಂತು ದೀಪ ನೋಡುವ ಕೆಲಸ ಹೊನ್ನಯ್ಯನದು. ಗುರುವಿನ ನೆಚ್ಚಿನ ಶಿಷ್ಯ, ಒಳ್ಳೆಯ ವೈದ್ಯ. ಹುಟ್ಟಿದ್ದು ಆಚೆ ಹಟ್ಟಿಯಲ್ಲೇ. ಚಿಕ್ಕಂದಿನಲ್ಲಿ ಇಂಥದ್ದೇ ಗಾಳಿಯಲ್ಲಿ ಹೊಳೆ ದಾಟಿ ಉರಿಯುವ ದೀಪ ತಂದಿದ್ದ. ಆಚೆ ದಡದಿಂದ ದೀಪ ಜೀವಂತವಾಗಿ ತಂದವನು ಅವನೊಬ್ಬನೇ. ಅವನಿಗಿಂತ ಮುಂಚೆ ಯಾರೂ ಇಲ್ಲ, ಆಮೇಲೂ ಯಾರೂ ಇಲ್ಲ.

ಅದನ್ನು ಅವನು ಮರೆತಿರಲಿಲ್ಲ. ಬೇರೆಯವರಿಗೂ ಮರೆಯಲು ಬಿಡುತ್ತಿರಲಿಲ್ಲ.

ಆ ವರ್ಷದ ಹುಣ್ಣಿಮೆಯ ಬೆಳಿಗ್ಗೆ ಮೊದಲು ಬಂದವನು ಮೇಲ್ಕೇರಿಯ ಪಟೇಲರ ಮಗ ಮುದ್ದರಾಜ. ಒಂದು ಕೈಯಲ್ಲಿ ಹಣತೆ. ಇನ್ನೊಂದು ಕೈ ಬಾಯಿಗೆ ಅಡ್ಡ. ಆಕಳಿಸುತ್ತಿದ್ದ.

"ದೀಪ ಚೆನ್ನಾಗಿ ಉರಿಯುತ್ತಿದೆ. ಬಹಳ ಜೋಪಾನ ಮಾಡಿದೆಯಪ್ಪ," ಎಂದ ಹೊನ್ನಯ್ಯ.

"ಜೋಪಾನ ಏನು ಬಂತು? ಜಗಲಿಯಿಂದ ಇಳಿದೆ, ಜಗಲಿ ಹತ್ತಿದೆ," ಎಂದು ಹುಡುಗ ಒಳಗೆ ಹೋದ.

ಆಮೇಲೆ ಬಂದಳು ದುಗ್ಗಿ.

ದುಗ್ಗಿ ಆಚೆ ಹಟ್ಟಿಯ ಹುಡುಗಿ. ಹಿಂದಿನ ಎರಡು ವರ್ಷವೂ ಬಂದಿದ್ದಳು. ಎರಡು ವರ್ಷವೂ ದೀಪ ಆರಿತ್ತು. ಇದು ಮೂರನೆಯದು, ಕೊನೆಯದು. ಸೀರೆ ಮೊಣಕಾಲವರೆಗೂ ಒದ್ದೆ. ಎರಡೂ ಅಂಗೈಯಲ್ಲಿ ಕೆಂಪು ಬೊಬ್ಬೆ. ಉರಿಗೆ ಕೈಯನ್ನೇ ಗೋಡೆ ಮಾಡಿಕೊಂಡು ಬಂದಿದ್ದಳು.

ಹಣತೆಯಲ್ಲಿ ಬತ್ತಿ ಕಪ್ಪಾಗಿತ್ತು. ಸಣ್ಣ ಹೊಗೆ ಏಳುತ್ತಿತ್ತು.

ಹೊನ್ನಯ್ಯ ನೋಡಿದ. ತಲೆಯಾಡಿಸಿದ.

"ಆರಿದೆಯಲ್ಲ ತಂಗಿ."

"ದಡ ಹತ್ತೋವರೆಗೂ ಇತ್ತು ಕಣಣ್ಣ. ಮೆಟ್ಟಿಲ ತಾವ ಆರ್ತು."

"ಮೆಟ್ಟಿಲಲ್ಲಿ ಆರಿದರೂ ಆರಿದ್ದೇ."

"ಬತ್ತಿ ಇನ್ನೂ ಬಿಸಿ ಐತೆ. ಮುಟ್ಟಿ ನೋಡು ಬೇಕಾದ್ರೆ."

"ನಾನೇನು ಮಾಡಲಿ? ಕಟ್ಟಳೆ ನನ್ನದಲ್ಲ. ನಾನೂ ಅದೇ ಹಟ್ಟಿಯವನು. ಅದೇ ಹೊಳೆ, ಅದೇ ಹರಿಗೋಲು, ಅದೇ ಗಾಳಿ. ನನಗೆ ಆಯ್ತು. ನಿನಗೆ ಯಾಕೆ ಆಗಲ್ಲ? ಮನಸ್ಸಿಟ್ಟು ಹಿಡಿದರೆ ಆಗುತ್ತೆ. ನಾನೊಬ್ಬನೇ ತಂದೆ, ಯಾರ ಹಂಗೂ ಇಲ್ಲದೆ."

"ಅದೇ ಗಾಳಿ ಅಂತ ಹೆಂಗೆ ಹೇಳ್ತೀಯ? ಅವತ್ತು ಗಾಳಿಗೆ ಗುರುತು ಹಾಕಿ ಬಿಟ್ಟಿದ್ಯಾ?"

ಹೊನ್ನಯ್ಯನಿಗೆ ಸಿಟ್ಟು ಬಂತು. "ಮಾತಿಗೇನೂ ಕಮ್ಮಿ ಇಲ್ಲ. ಹೋಗು, ಮನೆಗೆ ಹೋಗು."

"ಹೋಗಲ್ಲ."

"ಏನು?"

"ಹೋಗಲ್ಲ ಅಂದೆ. ನಮ್ಮಕ್ಕ ಮೂರು ವರ್ಷದ ಕೆಳಗೆ ಆಷಾಢದಾಗೆ ಹೆರಿಗೆ ನೋವಲ್ಲಿ ಸತ್ತಳು. ಮಗೂನೂ ಹೋಯ್ತು. ಆಷಾಢದಾಗೆ ವೈದ್ಯರು ಯಾರೂ ಹೊಳೆ ದಾಟಲ್ಲ. ಅದಕ್ಕೆ ನಾನೇ ಕಲೀತೀನಿ ಅಂತ ಹೊರಟೆ. ನೀನೂ ವೈದ್ಯ ಕಲಿತೋನೇ ಅಲ್ವಾ? ನೀನೂ ಬರಲಿಲ್ಲ."

"ನನ್ನನ್ನು ಯಾರೂ ಕರೆಯಲಿಲ್ಲ."

"ಕರೆದ್ವಿ. ಊರಿಗೆ ಊರೇ ದಡದಾಗೆ ನಿಂತು ನಿನ್ನ ಹೆಸರು ಹಿಡಿದು ಕೂಗ್ತು. ಗಾಳಿ ನಿಮ್ಮ ಕಡೆಯಿಂದ ಬೀಸ್ತಿತ್ತು. ನಮ್ಮ ಕೂಗು ನಮಗೇ ವಾಪಸ್ ಬಂತು."

ಹೊನ್ನಯ್ಯ ಹೊಳೆಯ ಕಡೆ ತಿರುಗಿದ.

ದುಗ್ಗಿ ಬಾಗಿಲ ಹೊರಗೆ ನೆಲದ ಮೇಲೆ ಕೂತಳು. ಆರಿದ ಹಣತೆಯನ್ನು ಮುಂದಿಟ್ಟುಕೊಂಡಳು. ಅಳಲಿಲ್ಲ. ಕೂತಳು, ಅಷ್ಟೇ. ಬಂಡೆ ಕೂತ ಹಾಗೆ.

ಈ ಗಲಾಟೆ ಒಳಗೆ ಕೇಳಿಸಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗುರವ್ವ ಹೊರಗೆ ಬಂದಳು. ಅವಳೇ ಆಶ್ರಮದ ಗುರು. ಮುದುಕಿ, ಕುಳ್ಳಗಿನವಳು. ಪಾಠ ಹೇಳುವುದೂ ಅವಳೇ, ಒಲೆಯ ಮುಂದೆ ಕೂತು ಅಂಬಲಿ ತಿರುವುವುದೂ ಅವಳೇ.

ಗುರವ್ವ ಹಣತೆ ನೋಡಿದಳು. ದುಗ್ಗಿಯ ಅಂಗೈ ನೋಡಿದಳು.

ಹೊನ್ನಯ್ಯ ಕೈ ಮುಗಿದು ಕೇಳಿದ. "ಅವ್ವಾ, ಈ ಹುಡುಗಿ ಗಾಳಿಯ ಮೇಲೆ ತಪ್ಪು ಹೊರಿಸುತ್ತಾಳೆ. ನೀವೇ ಹೇಳಿ. ಮನುಷ್ಯ ಮೇಲೆ ಬರುವುದು ಅವನ ಶ್ರಮದಿಂದಲೋ, ಗಾಳಿಯಿಂದಲೋ?"

"ನಿನ್ನ ತಾಯಿ ಇದ್ದಾಳೇನೋ?" ಎಂದಳು ಗುರವ್ವ.

"ಇದ್ದಾಳೆ, ಹಟ್ಟಿಯಲ್ಲಿ."

"ನೋಡಿ ಎಷ್ಟು ದಿನ ಆಯ್ತು?"

ಹೊನ್ನಯ್ಯ ನೆಲ ನೋಡಿದ. "ದಿನ ಅಲ್ಲ ಅವ್ವಾ."

"ಹಾಗಾದರೆ ಹೋಗಿ ಬಾ. ನಿನ್ನ ಮನೆಯ ಒಲೆಯಿಂದ ಒಂದು ಹಣತೆ ಹೊತ್ತಿಸಿಕೊಂಡು ಬಾ. ಮುಚ್ಚಳ ಬೇಡ. ಒಂದು ಸಲ ತಂದವನಿಗೆ ಇನ್ನೊಂದು ಸಲ ಏನು ಕಷ್ಟ? ನೀನು ತಂದ ಮೇಲೆ ನಿನ್ನ ಪ್ರಶ್ನೆಗೆ ಉತ್ತರ ಹೇಳ್ತೀನಿ."

ಹೊನ್ನಯ್ಯನಿಗೆ ಖುಷಿಯೇ ಆಯಿತು. ದುಗ್ಗಿಯ ಕಡೆ ತಿರುಗಿ, "ನೋಡ್ತಿರು," ಎಂದ.

"ನೋಡ್ತಿರ್ತೀನಿ, ಇಲ್ಲೇ ಕೂತಿರ್ತೀನಲ್ಲ," ಎಂದಳು ದುಗ್ಗಿ.

ಹೋಗುವಾಗ ಗಾಳಿ ಅವನ ಬೆನ್ನಿಗಿತ್ತು. ಹರಿಗೋಲು ತಾನಾಗಿ ಓಡಿತು. 'ಇಷ್ಟೇ ತಾನೇ' ಅಂದುಕೊಂಡ.

ಹಟ್ಟಿಯಲ್ಲಿ ಅವನ ತಾಯಿ ಗಿಡ್ಡವ್ವ ಗುಡಿಸಲ ಮುಂದೆ ಚಾಪೆ ಹೆಣೆಯುತ್ತಿದ್ದಳು. ಕಣ್ಣು ಮಂಜಾಗಿತ್ತು. ಬೆರಳೇ ದಾರಿ ಕಂಡುಕೊಂಡು ಹೋಗುತ್ತಿತ್ತು.

"ಯಾರದು?"

"ನಾನವ್ವ. ಹೊನ್ನ."

ಬೆರಳು ನಿಂತವು. "ಯಾವ ಹೊನ್ನ? ನನಗೊಬ್ಬ ಹೊನ್ನ ಇದ್ದ, ದೀಪ ಹಿಡ್ಕಂಡು ಹೋದ. ಕತ್ತಲೆ ನೋಡಕ್ಕೆ ವಾಪಸ್ ಬರಲಿಲ್ಲ."

"ನಾನೇ ಕಣವ್ವ."

"ಗೊತ್ತು ಬುಡು. ದನೀನ ಮರೀತೀನಾ? ಬಾ, ಕೂತ್ಕ. ಮಣೆ ಇಲ್ಲ, ಚಾಪೆ ಐತೆ."

ಹೊನ್ನಯ್ಯ ಕೂತ. ಬಂದ ಕಾರಣ ಹೇಳಿದ. ಗಿಡ್ಡವ್ವ ಕೇಳುತ್ತ ಕೇಳುತ್ತ ನಗತೊಡಗಿದಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

"ಒಬ್ಬನೇ ತರ್ತೀಯ?"

"ಅವತ್ತೂ ಒಬ್ಬನೇ ತಂದಿದ್ದೆನಲ್ಲ."

"ಅಯ್ಯೋ ನನ್ನ ಕಂದಾ," ಎಂದಳು ಗಿಡ್ಡವ್ವ. "ಅವತ್ತು ಹೊಳೆಯಾಗೆ ನಿನ್ನ ಸುತ್ತ ಏನಿತ್ತು, ನೆಪ್ಪೈತಾ?"

ಹೊನ್ನಯ್ಯ ನೆನಪು ಮಾಡಿಕೊಂಡ. "ಸುತ್ತ ಹರಿಗೋಲುಗಳಿದ್ದವು. ಊರವರೆಲ್ಲ ಬಂದಿದ್ದರು."

"ಯಾಕೆ ಬಂದಿದ್ರು?"

"ತಮಾಷೆ ನೋಡೋಕೆ."

ಗಿಡ್ಡವ್ವ ನಗು ನಿಲ್ಲಿಸಿದಳು.

"ತಮಾಷೆ ನೋಡಾಕೆ ಅಲ್ಲ ಮಗಾ. ಹಟ್ಟಿಯ ಹರಿಗೋಲೆಲ್ಲ ನಿನ್ನ ಸುತ್ತ ಕೋಟೆ ಕಟ್ಟಿದ್ವು. ಒಂದೊಂದರಾಗೂ ಹೆಂಗಸರು ನಿಂತು ಚಾಪೆ ಎತ್ತಿ ಹಿಡಿದಿದ್ರು. ಹರಿಗೋಲು ಗಿರಗಿರ ತಿರುಗೋವಂಥದ್ದು, ಯಾವ ಕಡೆಯಿಂದ ಗಾಳಿ ನುಗ್ತದೋ ಗೊತ್ತಾಗಲ್ಲ. ನುಗ್ಗಿದ ಕಡೆಗೆಲ್ಲ ಚಾಪೆ. ನಾನು ನಿನಗೇನಂದಿದ್ದೆ? ದೀಪದಿಂದ ಕಣ್ಣು ಕೀಳಬ್ಯಾಡ ಅಂದಿದ್ದೆ. ನೀನು ಕೀಳಲಿಲ್ಲ. ಒಳ್ಳೆ ಹುಡುಗ. ನೀನು ದೀಪ ನೋಡ್ತಿದ್ದೆ. ನಾವು ಗಾಳಿ ನೋಡ್ತಿದ್ವಿ."

"ಅದು ಕಟ್ಟಳೆ ಮೀರಿದ ಹಾಗಲ್ಲವೇನವ್ವ?"

"ದೀಪ ಮುಚ್ಚಬಾರದು ಅಂತ ಐತೆ. ಗಾಳೀನ ಮುಚ್ಚಬಾರದು ಅಂತ ಯಾವನು ಹೇಳವ್ನೆ?"

ಹೊನ್ನಯ್ಯ ಚಾಪೆಯ ಅಂಚು ಸವರಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ಆಮೇಲೆ ಬೇರೆ ಮಕ್ಕಳಿಗೆ ಯಾಕೆ ಹಾಗೆ ಮಾಡಲಿಲ್ಲ?"

"ಒಬ್ಬ ಒಳಕ್ಕೆ ಹೋದರೆ ಸಾಕು ಅಂದ್ಕಂಡ್ವಿ. ಅವನೇ ಒಳಗಿಂದ ಬಾಗಿಲು ತೆಗೀತಾನೆ ಅಂದ್ಕಂಡ್ವಿ."

ಜೊಂಡಿನ ಎಳೆಯೊಂದು ಗಾಳಿಗೆ ಹಾರಿತು. ಗಿಡ್ಡವ್ವ ಅದನ್ನು ನೋಡದೆಯೇ ಹಿಡಿದು ಹೆಣೆದಳು.

"ಈ ಸಲ ದುಗ್ಗಿಗೆ ನಾವಾಗೇ ಹೇಳಿದ್ವಿ, ನಾವೂ ಬರ್ತೀವಿ ಕಣೇ, ಚಾಪೆ ಹಿಡೀತೀವಿ ಅಂತ. ಬ್ಯಾಡ ಅಂದ್ಳು. 'ಹೊನ್ನಣ್ಣ ಒಬ್ಬನೇ ತಂದನಂತೆ, ಬಾಗಿಲಲ್ಲಿ ನಿಂತು ವರ್ಷವರ್ಷ ಹೇಳ್ತಾನೆ. ನಾನೂ ಒಬ್ಬಳೇ ತರ್ತೀನಿ, ಇಲ್ದಿದ್ರೆ ಅದು ತಂದಂಗಲ್ಲ' ಅಂದ್ಳು. ಹೋದ್ಳು. ಆರ್ತಾ ದೀಪ?"

"ಆರಿತು ಅವ್ವ."

"ಯಾರು ಆರಿಸಿದ್ರು?"

ಹೊನ್ನಯ್ಯ ಎದ್ದ. ಗುಡಿಸಲೊಳಗೆ ಹೋಗಿ ಒಲೆಯಿಂದ ಹಣತೆ ಹೊತ್ತಿಸಿಕೊಂಡ. ಗಿಡ್ಡವ್ವ, "ಜನ ಕರೀಲೇನೋ?" ಎಂದಳು. "ಬೇಡ, ನಾನು ಒಂದು ಸಲ ನೋಡಬೇಕು," ಎಂದು ಹೊರಟ.

ಮೊಣಕಾಲುದ್ದ ನೀರು ದಾಟುವ ಮೊದಲೇ ಕುಡಿ ಬಾಗಿತು. ಅಂಬಿಗ ಹುಟ್ಟು ಹಾಕಿದಂತೆಲ್ಲ ಹರಿಗೋಲು ಬುಗುರಿಯ ಹಾಗೆ ತಿರುಗಿತು. ಹೊನ್ನಯ್ಯ ಬೆನ್ನು ಕೊಟ್ಟ. ಬೆನ್ನಿದ್ದ ಕಡೆಗೆ ಮುಖ ಬಂತು. ಅಂಗೈ ಅಡ್ಡ ಹಿಡಿದ. ಅಂಗೈ ಸುಟ್ಟಿತು. ಕಣ್ಣು ಕೀಳದೆ ನೋಡಿದ. ಅಂದಿನ ಮನಸ್ಸೇ ಇತ್ತು. ಅಂದಿನದಕ್ಕಿಂತ ಗಟ್ಟಿಯಾಗಿತ್ತು.

ನಡುಹೊಳೆಯಲ್ಲಿ ದೀಪ ಆರಿತು.

ಆಗ ತಲೆ ಎತ್ತಿ ಸುತ್ತ ನೋಡಿದ. ನೀರಿತ್ತು. ಗಾಳಿಯಿತ್ತು. ಚಾಪೆ ಹಿಡಿದವರು ಯಾರೂ ಇರಲಿಲ್ಲ.

ಹೊತ್ತು ಇಳಿಯುವಾಗ ಆಶ್ರಮದ ಬಾಗಿಲಿಗೆ ಬಂದ. ಆರಿದ ಹಣತೆ ಹಿಡಿದವನು ಒಳಗೆ ಹೋಗುವ ಹಾಗಿಲ್ಲವಲ್ಲ. ದುಗ್ಗಿಯ ಪಕ್ಕದಲ್ಲಿ ಹೋಗಿ ಕೂತ.

ದುಗ್ಗಿ ಅವನ ಹಣತೆ ನೋಡಿದಳು. ಅವನ ಅಂಗೈ ನೋಡಿದಳು.

"ಸ್ವಲ್ಪ ಬೆಣ್ಣೆ ಹಚ್ಚಬೇಕು," ಎಂದಳು.

"ನಿನಗೂ."

"ನನಗೆ ಎರಡು ವರ್ಷದಿಂದ ಅಭ್ಯಾಸ ಆಗೈತೆ."

ಗುರವ್ವ ಬಾಗಿಲಿಗೆ ಬಂದು ನಿಂತಳು. ಹೊನ್ನಯ್ಯ ತಾಯಿ ಹೇಳಿದ್ದನ್ನೆಲ್ಲ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ. ದುಗ್ಗಿ ಕೇಳುತ್ತ ಕೂತಿದ್ದಳು. ಚಾಪೆಯ ಮಾತು ಬಂದಾಗ ಒಮ್ಮೆ ಕಣ್ಣು ಮುಚ್ಚಿ ತೆರೆದಳು.

"ಅವ್ವಾ, ಹಾಗಾದರೆ ನನ್ನದು ಅಂತ ಏನೂ ಇಲ್ಲವೇ?" ಎಂದ ಹೊನ್ನಯ್ಯ.

"ಯಾಕಿಲ್ಲ? ಬೊಬ್ಬೆ ಎದ್ದದ್ದು ನಿನ್ನ ಕೈಗೇ ತಾನೇ? ಅದು ನಿನ್ನದೇ. ಅದನ್ನು ಯಾರೂ ಕಿತ್ತುಕೊಳ್ಳಲ್ಲ." ಗುರವ್ವ ದುಗ್ಗಿಯ ಕೈ ಹಿಡಿದು ಅಂಗೈ ತಿರುಗಿಸಿ ತೋರಿಸಿದಳು. "ಇದು ಯಾರದು ಹೇಳು?"

ಹೊನ್ನಯ್ಯ ತಲೆ ತಗ್ಗಿಸಿದ.

ದುಗ್ಗಿ ಮಾತ್ರ ಕೈ ಎಳೆದುಕೊಂಡಳು. "ಎರಡು ವರ್ಷ ನಾನು ಈ ಬಾಗಿಲಿಂದ ವಾಪಸ್ ಹೋದಾಗ ನೀವೂ ಒಳಗೇ ಇದ್ರಲ್ಲ ಅವ್ವಾ. ಒಲೆ ಮುಂದೆ."

"ಇದ್ದೆ."

"ಯಾಕೆ ಸುಮ್ಕಿದ್ರಿ?"

"ನಾನು ಮೇಲ್ಕೇರಿಯ ಹುಡುಗಿ ಕಣಮ್ಮ. ನನ್ನ ದೀಪ ಜಗಲಿಯಿಂದ ಜಗಲಿಗೆ ಬಂತು. ನನಗೆ ಗಾಳಿಯೇ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ನಿನ್ನ ಅಂಗೈ ನೋಡಿದ ಮೇಲೆ ಒಲೆ ಮುಂದೆ ಕೂರಕ್ಕಾಗಲಿಲ್ಲ."

"ಈಗ ಗೊತ್ತಾಯ್ತಲ್ಲ. ಏನು ಮಾಡ್ತೀರಿ?"

ಗುರುವಿಗೆ ಹೀಗೆ ಕೇಳುವುದುಂಟೇ? ಹೊನ್ನಯ್ಯನೇ ಬೆಚ್ಚಿದ. ಗುರವ್ವ ಬೆಚ್ಚಲಿಲ್ಲ. "ಬನ್ನಿ, ತೋರಿಸ್ತೀನಿ," ಎಂದು ಒಳಗೆ ನಡೆದಳು.

ಇಬ್ಬರೂ ಹೊಸ್ತಿಲಲ್ಲೇ ನಿಂತು ನೋಡಿದರು.

ಒಳಗೆ ಆಶ್ರಮದ ಒಲೆ ಉರಿಯುತ್ತಿತ್ತು. ಮೂರು ಕಲ್ಲಿನ ಒಲೆ. ಮೂಲದ ಗುರುಗಳು ಹೊತ್ತಿಸಿದ ಬೆಂಕಿ, ಒಂದು ದಿನವೂ ಆರಿದ್ದಿಲ್ಲ ಎಂದು ಪ್ರತೀತಿ. ಅದರ ಮುಂದೆ ಮುದ್ದರಾಜ ಹಣತೆ ಇಟ್ಟುಕೊಂಡು ತೂಕಡಿಸುತ್ತಿದ್ದ. ಅವನ ತಂದೆ ಪಟೇಲ ನಂಜರಾಜಯ್ಯ ಜರಿಯ ಪಂಚೆಯುಟ್ಟು ಮಣೆಯ ಮೇಲೆ ಕೂತಿದ್ದರು.

"ಬನ್ನಿ ತಾಯಿ. ಸಂಜೆಯಾಯ್ತು, ದೀಪ ಸೇರಿಸೋಣ. ಹೊರಗಡೆ ಏನೋ ತಕರಾರು ಅಂತಿದ್ದರು. ಕಟ್ಟಳೆ ಅಂದಮೇಲೆ ಎಲ್ಲರಿಗೂ ಒಂದೇ, ಅಲ್ಲವೇ?"

"ಹೌದು ಪಟೇಲರೇ. ಎಲ್ಲರಿಗೂ ಒಂದೇ," ಎಂದಳು ಗುರವ್ವ.

ಮೂಲೆಯಲ್ಲಿದ್ದ ನೀರಿನ ಬಿಂದಿಗೆ ಎತ್ತಿದಳು. ಒಲೆಯ ಮೇಲೆ ಸುರಿದಳು.

ಚುಂಯ್ ಎಂದು ಹೊಗೆ ಎದ್ದಿತು. ಪಟೇಲರು ಮಣೆಯಿಂದ ಎಗರಿ ಬಿದ್ದರು. ಮುದ್ದರಾಜನ ನಿದ್ದೆ ಹಾರಿಹೋಯಿತು. ಶಿಷ್ಯರು ಓಡಿ ಬಂದು ಬಾಯಿ ಬಿಟ್ಟುಕೊಂಡು ನಿಂತರು.

"ತಾಯಿ! ಏನು ಮಾಡಿಬಿಟ್ಟಿರಿ!"

"ಆಶ್ರಮದ ದೀಪ ಆರಿತು," ಎಂದಳು ಗುರವ್ವ. "ಕಟ್ಟಳೆ ಪ್ರಕಾರ ಈಗ ಆಶ್ರಮವೂ ಬಾಗಿಲ ಹೊರಗೇ ಕೂರಬೇಕು."

"ಅದಕ್ಕೇನು ಯೋಚನೆ? ನನ್ನ ಮಗನ ಹಣತೆ ಉರಿಯುತ್ತಿದೆಯಲ್ಲ. ಇದರಿಂದಲೇ ಹೊತ್ತಿಸಿ."

"ಹೊತ್ತಿಸೋಣ. ಒಂದು ಸಲ ಹೊಳೆ ದಾಟಿಸಿಕೊಂಡು ಬರಲಿ."

"ಹೊಳೆ?" ಪಟೇಲರು ಕಿಟಕಿಯ ಕಡೆ ನೋಡಿದರು. ಹೊರಗೆ ಮರಗಳು ತಲೆ ಕೆದರಿಕೊಂಡು ಕುಣಿಯುತ್ತಿದ್ದವು. "ಈ ಗಾಳಿಯಲ್ಲಿ? ಮುಚ್ಚಳ ಇಲ್ಲದ ಹಣತೆಯನ್ನು? ಯಾರಿಂದ ಆಗುತ್ತೆ ತಾಯಿ?"

ಹೊಸ್ತಿಲ ಕಡೆಯಿಂದ ನಗು ಕೇಳಿತು. ದುಗ್ಗಿ ನಗುತ್ತಿದ್ದಳು.

"ಅದನ್ನೇ ಅಲ್ವಾ ಪಟೇಲ್ರೇ, ಬೆಳಿಗ್ಗೆಯಿಂದ ನಾನು ಹೇಳ್ತಿರೋದು?"

ಪಟೇಲರ ಮುಖ ಕೆಂಪಾಯಿತು. "ಹಾಗಾದರೆ ನಮ್ಮ ಮನೆಯ ಒಲೆಯಿಂದ ಬೆಂಕಿ ತರಿಸುತ್ತೇನೆ. ಹತ್ತು ಹೆಜ್ಜೆ. ತಲೆತಲಾಂತರದಿಂದ ನಮ್ಮ ಕೇರಿಯ ಬೆಂಕಿಯೇ ತಾನೇ ಇಲ್ಲಿ ಉರಿದದ್ದು?"

"ಹತ್ತು ಹೆಜ್ಜೆಯ ಬೆಂಕಿಯಲ್ಲಿ ಬೇಯಿಸಿದ್ದು ಬಹಳ ಉಂಡೆವು," ಎಂದಳು ಗುರವ್ವ. "ಹೊನ್ನಾ, ಬಾರೋ ಒಳಗೆ."

"ನನ್ನ ದೀಪ ಆರಿದೆ ಅವ್ವಾ."

"ಇಲ್ಲಿಯದೂ ಆರಿದೆ. ಬಾ. ಈ ಒಲೆಗಲ್ಲು ಹೊರು."

ಹೊನ್ನಯ್ಯ ಒಳಗೆ ಬಂದ. ಕಲ್ಲು ಇನ್ನೂ ಬಿಸಿಯಾಗಿತ್ತು. ಪಂಚೆಯ ಚುಂಗು ಸುತ್ತಿ ಒಂದನ್ನು ಎತ್ತಿಕೊಂಡ. ದುಗ್ಗಿ ಯಾರ ಅಪ್ಪಣೆಗೂ ಕಾಯಲಿಲ್ಲ. ಹೊಸ್ತಿಲು ದಾಟಿ ಬಂದು ಇನ್ನೊಂದನ್ನು ಎತ್ತಿದಳು. ಮೂರನೆಯದನ್ನು ಗುರವ್ವ ತಾನೇ ಸೊಂಟದ ಮೇಲೆ ಇಟ್ಟುಕೊಂಡಳು, ಕೂಸನ್ನು ಎತ್ತಿಕೊಂಡ ಹಾಗೆ.

ಪಟೇಲರು ಅಡ್ಡ ನಿಂತರು. "ಎಲ್ಲಿಗೆ ತಾಯಿ? ಆಶ್ರಮ ಇರುವುದು ಇಲ್ಲಿ! ನಮ್ಮ ಹಿರಿಯರು ಕೊಟ್ಟ ಜಾಗ, ನಮ್ಮ ಹಿರಿಯರು ಕಟ್ಟಿದ ಗೋಡೆ!"

"ಗೋಡೆ ನಿಮ್ಮದೇ ಪಟೇಲರೇ, ಇಟ್ಟುಕೊಳ್ಳಿ. ನಾವು ಮುಟ್ಟಿಲ್ಲ. ಒಲೆ ಇರೋ ಕಡೆ ಆಶ್ರಮ."

"ಕಟ್ಟಳೆ ಮುರಿಯುತ್ತಿದ್ದೀರಿ!"

"ಎಲ್ಲಿ ಮುರಿದೆ? ಎಲ್ಲರೂ ಅವರವರ ಮನೆಯಿಂದ ದೀಪ ತರಲಿ. ಮುಚ್ಚಳ ಬೇಡ. ಆರಿದರೆ ಮುಂದಿನ ವರ್ಷ ಬರಲಿ. ಎಲ್ಲಾ ಅದೇ. ಒಲೆ ಮಾತ್ರ ಹೊಳೆಯ ಆ ಕಡೆ."

ಪಟೇಲರು ಕೈ ಅಗಲಿಸಿ ನಿಂತರು. ದಾರಿ ಬಿಡಲಿಲ್ಲ, ದಾರಿ ತಾನಾಗಿ ಆಯಿತು. ಬಿಸಿ ಕಲ್ಲು ಹೊತ್ತವರ ಮುಂದೆ ಯಾರು ನಿಲ್ಲುತ್ತಾರೆ?

ಶಿಷ್ಯರಲ್ಲಿ ಕೆಲವರು ಹಿಂದೆ ಬಂದರು. ಕೆಲವರು ಗೋಡೆಯ ಹತ್ತಿರ ಉಳಿದರು. ಗುರವ್ವ ಯಾರನ್ನೂ ಕರೆಯಲಿಲ್ಲ, ಯಾರನ್ನೂ ಬೈಯಲಿಲ್ಲ.

ಹಟ್ಟಿಯ ದಡದಲ್ಲಿ, ಮರಳು ಮುಗಿದು ಮಣ್ಣು ಶುರುವಾಗುವ ಕಡೆ ಮೂರು ಕಲ್ಲು ಹೂಡಿದರು. ಗಿಡ್ಡವ್ವ ತಡವರಿಸಿಕೊಂಡು ಬಂದು ತನ್ನ ಒಲೆಯ ಕೆಂಡ ಇಟ್ಟಳು. ದುಗ್ಗಿಯ ತಾಯಿ ಸೌದೆ ಒಟ್ಟಿದಳು. ಹೆಂಗಸರು ಸುತ್ತಲೂ ಚಾಪೆ ಹಿಡಿದು ನಿಂತರು. ದುಗ್ಗಿ ಊದಿದಳು. ಬೆಂಕಿ ಹತ್ತಿತು.

ಅಂಬಲಿ ಬೆಂದಾಗ ಎಲ್ಲರೂ ಉಣ್ಣಲು ಕೂತರು.

"ಅವ್ವಾ, ಮಣೆ ತರುವುದನ್ನೇ ಮರೆತೆವು," ಎಂದ ಹೊನ್ನಯ್ಯ.

"ನಾನು ಮರೆಯಲಿಲ್ಲ," ಎಂದಳು ಗುರವ್ವ.

ಎಲ್ಲರೂ ಚಾಪೆಯ ಮೇಲೇ ಕೂತು ಉಂಡರು.

ಆ ವರ್ಷ ದುಗ್ಗಿ ಬೇರು ಗುರುತಿಸುವುದು ಕಲಿತಳು. ನಾಡಿ ಹಿಡಿಯುವುದು ಕಲಿತಳು. ಮಗು ಅಡ್ಡ ತಿರುಗಿದ್ದರೆ ಹೇಗೆ ಸರಿ ಮಾಡಬೇಕು ಎನ್ನುವುದನ್ನು ಹೊನ್ನಯ್ಯನಿಂದಲೇ ಕಲಿತಳು. ಅದನ್ನು ಕಲಿಸುವಾಗ ಅವನು ಅವಳ ಕಣ್ಣು ನೋಡುತ್ತಿರಲಿಲ್ಲ. ಹಟ್ಟಿಯಲ್ಲಿ ಆ ವರ್ಷ ಹೆತ್ತ ತಾಯಂದಿರೆಲ್ಲ ಬದುಕಿದರು.

ಮೇಲ್ಕೇರಿಯವರು ಕೆಲವು ತಿಂಗಳು ಮುನಿಸಿಕೊಂಡಿದ್ದರು. ಖಾಲಿ ಗೋಡೆಗೆ ಸುಣ್ಣ ಬಳಿದರು. ಆದರೆ ಗೋಡೆ ಪಾಠ ಹೇಳುವುದಿಲ್ಲ, ಜ್ವರವನ್ನೂ ಇಳಿಸುವುದಿಲ್ಲ. ಒಬ್ಬೊಬ್ಬರಾಗಿ ಹರಿಗೋಲು ಹತ್ತತೊಡಗಿದರು.

ಮತ್ತೆ ಆಷಾಢ ಬಂತು. ಮತ್ತೆ ಹುಣ್ಣಿಮೆ.

ಬೆಳಿಗ್ಗೆ ಹಟ್ಟಿಯ ಮಕ್ಕಳು ಹಣತೆ ಹಿಡಿದುಕೊಂಡು ಒಲೆಯ ಹತ್ತಿರ ಬಂದವು. ಗುಡಿಸಲಿಂದ ಹತ್ತೇ ಹೆಜ್ಜೆ. ಒಂದು ಮಗು ಆಕಳಿಸುತ್ತಿತ್ತು.

ಗುರವ್ವ ಅದನ್ನು ನೋಡಿ ಹುಬ್ಬೇರಿಸಿದಳು.

"ಒಂದು ವರ್ಷ ಇವೂ ಆಕಳಿಸಲಿ ಬುಡಿ ಅವ್ವಾ. ಇವುಗಳ ಅಜ್ಜ ಮುತ್ತಜ್ಜ ಆಕಳಿಸದೆ ಬಿಟ್ಟಿದ್ದೆಲ್ಲ ಸೇರ್ಕಂಡೈತೆ," ಎಂದಳು ದುಗ್ಗಿ.

ಗುರವ್ವ ಬಿದ್ದು ಬಿದ್ದು ನಕ್ಕಳು.

ಅಷ್ಟರಲ್ಲಿ ಮೇಲ್ಕೇರಿಯ ದಡದಿಂದ ಒಂದು ಹರಿಗೋಲು ಹೊರಟಿತು. ಅದರಲ್ಲಿ ಮುದ್ದರಾಜ. ಎರಡೂ ಕೈಯಲ್ಲಿ ಹಣತೆ. ಈ ಸಲ ಆಕಳಿಸುತ್ತಿರಲಿಲ್ಲ. ಮೇಲ್ಕೇರಿಯ ಸೋಪಾನದ ಮೇಲೆ ಪಟೇಲರು ನಿಂತಿದ್ದರು. "ನನ್ನ ಮಗ ಒಬ್ಬನೇ ತರುತ್ತಾನೆ, ನಮಗೆ ಯಾರ ಹಂಗೂ ಬೇಡ," ಎಂದು ಬೆಳಿಗ್ಗೆಯೇ ಹೇಳಿ ಕಳಿಸಿದ್ದರು.

ನಡುಹೊಳೆಗೆ ಬರುವ ಹೊತ್ತಿಗೆ ಹರಿಗೋಲು ತಿರುಗತೊಡಗಿತು. ಹುಡುಗ ಬೆನ್ನು ಕೊಟ್ಟ. ಬೆನ್ನಿದ್ದ ಕಡೆಗೆ ಮುಖ ಬಂತು. ಅಂಗೈ ಅಡ್ಡ ಹಿಡಿದ. ಇಷ್ಟು ದೂರಕ್ಕೂ ಅವನು "ಅಮ್ಮಾ" ಅಂದದ್ದು ಕೇಳಿಸಿತು. ಗಾಳಿ ಆ ಕಡೆಯಿಂದ ಬೀಸುತ್ತಿತ್ತಲ್ಲ.

"ಆರಲಿ ಬುಡಿ," ಎಂದಳು ದುಗ್ಗಿ. "ಅವನಿಗೂ ಗೊತ್ತಾಗಲಿ." ಹಾಗೆಂದವಳು ಆಮೇಲೆ ತನ್ನ ಅಂಗೈಯ ಹಳೆಯ ಕಲೆ ನೋಡಿಕೊಂಡಳು. ಮತ್ತೆ ಹೊಳೆ ನೋಡಿದಳು. ಮತ್ತೆ ಅಂಗೈ ನೋಡಿಕೊಂಡಳು.

"ಹೂಂ, ನಡಿ," ಎಂದು ಗುಡಿಸಲ ಗೋಡೆಗೆ ಒರಗಿಸಿದ್ದ ದೊಡ್ಡ ಚಾಪೆಯನ್ನು ಎಳೆದು ಹೊನ್ನಯ್ಯನ ಕೈಗೆ ತುರುಕಿದಳು. ಇನ್ನೊಂದನ್ನು ತಾನು ಹಿಡಿದಳು. ಹಟ್ಟಿಯ ಹೆಂಗಸರು ಬೈದುಕೊಳ್ಳುತ್ತಲೇ ಹರಿಗೋಲುಗಳನ್ನು ನೀರಿಗೆ ನೂಕಿದರು.

ಹೊನ್ನಯ್ಯ ಒಂದು ಕಾಲು ಹರಿಗೋಲಲ್ಲಿಟ್ಟು ಹಿಂದಕ್ಕೆ ತಿರುಗಿ ನೋಡಿದ.

"ಅವ್ವಾ, ಹೋಗಿ ಗಾಳಿಗೆ ಅಡ್ಡ ನಿಲ್ಲಲೇ?"

ಗುರವ್ವ ಒಲೆಗೆ ಒಂದು ಸೌದೆ ನೂಕಿದಳು.

"ನಿಲ್ಲು. ಆದರೆ ಈ ಸಲ ಅವನ ಕಣ್ಣಿಗೆ ಕಾಣೋ ಹಾಗೆ ನಿಲ್ಲು."